ಆಯುಧದ ಪಟ್ಟಿಯೊಳಗೆ ಬಂದ ಅಂಗಡಿ: ಕಾಲ್ ಆಫ್ ಡ್ಯೂಟಿಯ ಒಂದು ಪ್ರಕರಣ

2025ರ ಮೇ 29ರಂದು ಗುಂಡಿನ ಕಾಳಗದ ವಿಡಿಯೋ ಗೇಮ್ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 6’ ಮತ್ತು ಅದರ ಜೊತೆಗಿನ ಉಚಿತ ಗೇಮ್ ‘ವಾರ್‌ಝೋನ್’ ಎರಡಕ್ಕೂ ನಾಲ್ಕನೇ ಸೀಸನ್ನಿನ ಅಪ್‌ಡೇಟ್ ಬಂತು. ಸುಮಾರು ಎರಡು ತಿಂಗಳಿಗೊಮ್ಮೆ ಹೀಗೆ ಬರುವುದು ರೂಢಿ. ಹೊಸ ಮ್ಯಾಪು, ಹೊಸ ಬಂದೂಕು, ಹೊಸ ಬ್ಯಾಟಲ್ ಪಾಸ್ (ಆಡುತ್ತಾ ಹೋದಂತೆ ಒಂದೊಂದೇ ತೆರೆಯುವ ಬಹುಮಾನಗಳ ಪಟ್ಟಿ) ಇರುತ್ತವೆ. ಡೌನ್‌ಲೋಡ್ ಮುಗಿಸಿ ಒಳಹೊಕ್ಕ ಆಟಗಾರರು ಬಂದೂಕು ಆರಿಸಲು ಲೋಡೌಟ್ ಮೆನು ತೆರೆದರೆ, ತಮ್ಮ ಬಂದೂಕುಗಳ ಸಾಲಿನ ನೆತ್ತಿಯ ಮೇಲೆಯೇ ಮಾರಾಟದ ಬಂಡಲ್‌ಗಳ (ಬಂದೂಕು, ಪಾತ್ರಗಳ ಹೊಸ ರೂಪಗಳನ್ನು ಒಟ್ಟಿಗೆ ಕಟ್ಟಿ ಮಾರುವ ಕಟ್ಟುಗಳ) ದೊಡ್ಡ ಚಿತ್ರಗಳು ಕೂತಿದ್ದವು. ಈವೆಂಟ್‌ಗಳ ಪುಟದಲ್ಲೂ ಅದೇ ಕತೆ. ಆಡಿ ಗೆಲ್ಲಬಹುದಾದ ಬಹುಮಾನಗಳನ್ನು ನೋಡಬೇಕೆಂದರೆ ದುಡ್ಡು ಕೊಟ್ಟು ಕೊಳ್ಳುವ ಬಂಡಲ್‌ಗಳನ್ನು ದಾಟಿ ಹೋಗಬೇಕಿತ್ತು.

ಕೆಲವೇ ದಿನಗಳಲ್ಲಿ ಲೋಡೌಟ್ ಮೆನುವಿನ ಜಾಹೀರಾತುಗಳು ಮಾಯವಾದವು. ಗೇಮ್ ಹೊರತರುವ ಆಕ್ಟಿವಿಷನ್ ಕಂಪನಿ ಕೊಟ್ಟ ವಿವರಣೆ ಚಿಕ್ಕದು: ಸ್ಟೋರಿನ ಆಯ್ದ ಸರಕನ್ನು ಲೋಡೌಟ್ ಮೆನುವಿನಲ್ಲಿ ತೋರಿಸುವ ಪ್ರಯೋಗವೊಂದು ನಾಲ್ಕನೇ ಸೀಸನ್ನಿನ ಅಪ್‌ಡೇಟ್ ಜೊತೆ ತಪ್ಪಾಗಿ ಬಿಡುಗಡೆಯಾಗಿತ್ತು, ಈಗ ಅದನ್ನು ತೆಗೆದಿದ್ದೇವೆ.

ಸುದ್ದಿಯ ಲೆಕ್ಕದಲ್ಲಿ ಪ್ರಕರಣ ಇಷ್ಟಕ್ಕೇ ಮುಗಿಯುತ್ತದೆ. ಆದರೆ ದುಡ್ಡು ಕೊಟ್ಟು ಕೊಂಡ ಗೇಮು ಕೊಂಡ ಮೇಲೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇತ್ತೀಚೆಗೆ ಸಿಕ್ಕಿಲ್ಲ. ಹಾಗಾಗಿ ಇದನ್ನು ಬಿಡಿಸಿ ನೋಡಬೇಕೆನಿಸಿತು.

ಲೋಡೌಟ್ ಮೆನು ಎಂದರೆ ಏನು

ಈ ಗೇಮ್ ಆಡದವರಿಗೆ ಇದು ಸಣ್ಣ ವಿಷಯದಂತೆ ಕಾಣಬಹುದು. ಮೊಬೈಲಿನಲ್ಲಿ ಯಾವುದಾದರೂ ಉಚಿತ ಗೇಮ್ ತೆರೆದರೆ ಒಂದರ ಮೇಲೊಂದು ನಾಲ್ಕೈದು ಪಾಪ್‌ಅಪ್ ಬರುತ್ತವೆ, ಮೂಲೆಯ ಗುಣಾಕಾರ ಚಿಹ್ನೆ ಹುಡುಕಿ ಒತ್ತುತ್ತಾ ಹೋಗುವುದು ನಮ್ಮ ಹುಡುಗರಿಗೆ ಅಭ್ಯಾಸವಾಗಿಬಿಟ್ಟಿದೆ. ಅಂಥವರು ‘ಒಂದು ಚಿತ್ರ ಕಂಡರೆ ಏನಾಯಿತು’ ಎಂದು ಕೇಳಿದರೆ ಅದು ಸಹಜ. ಉತ್ತರಿಸಬೇಕೆಂದರೆ ಈ ಮೆನುವಿನ ಕೆಲಸವನ್ನು ಮೊದಲು ಹೇಳಬೇಕು.

ಕಾಲ್ ಆಫ್ ಡ್ಯೂಟಿಯ ಮಲ್ಟಿಪ್ಲೇಯರ್‌ನಲ್ಲಿ ಪ್ರತಿ ಆಟಗಾರನೂ ತನ್ನ ಸಾಮಗ್ರಿಯನ್ನು ತಾನೇ ಜೋಡಿಸಿಕೊಳ್ಳುತ್ತಾನೆ. ಮುಖ್ಯ ಬಂದೂಕು, ಪಕ್ಕದ ಪಿಸ್ತೂಲು, ಗ್ರೆನೇಡು, ಪರ್ಕ್‌ಗಳು (ಆಟಗಾರನಿಗೆ ಹೆಚ್ಚುವರಿ ಅನುಕೂಲ ಕೊಡುವ ಗುಣಗಳು) ಎಲ್ಲವೂ ಸೇರಿ ಒಂದು ಲೋಡೌಟ್. ಬಂದೂಕಿಗೆ ಯಾವ ಬ್ಯಾರಲ್, ಯಾವ ಮ್ಯಾಗಜೀನ್, ಯಾವ ದುರ್ಬೀನು ಎನ್ನುವುದನ್ನು ಗನ್‌ಸ್ಮಿತ್ ಎಂಬ ವಿಭಾಗದಲ್ಲಿ ಹೊಂದಿಸಬೇಕು. ಒಂದು ಭಾಗ ಬದಲಿಸಿದರೆ ಗುರಿ ಹಿಡಿಯುವ ವೇಗ ಬದಲಾಗುತ್ತದೆ, ಇನ್ನೊಂದು ಬದಲಿಸಿದರೆ ಗುಂಡು ಹಾರುವಾಗಿನ ಹಿಂದೊದೆತ ಬದಲಾಗುತ್ತದೆ. ಪ್ರತಿ ಬಂದೂಕನ್ನೂ ಬಳಸಿ ಬಳಸಿ ಅದರ ಲೆವೆಲ್ ಏರಿಸಿದರೆ ಮಾತ್ರ ಈ ಭಾಗಗಳು ಸಿಗುತ್ತವೆ. ಗಂಭೀರವಾಗಿ ಆಡುವವನಿಗೆ ಆಟದ ಅರ್ಧ ಬುದ್ಧಿ ಖರ್ಚಾಗುವುದು ಇಲ್ಲೇ.

ಇದೆಲ್ಲ ನಡೆಯುವ ಸಮಯವನ್ನೂ ನೋಡಬೇಕು. ಒಂದು ಮ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಮುನ್ನ ಲಾಬಿಯಲ್ಲಿ, ಅಂದರೆ ಕಾಯುವ ಪರದೆಯಲ್ಲಿ, ಸಿಗುವುದು ಸ್ವಲ್ಪವೇ ಹೊತ್ತು. ಹಿಂದಿನ ಮ್ಯಾಚಿನಲ್ಲಿ ಉದ್ದನೆಯ ಬೀದಿಯ ಆಚೆಯಿಂದ ಯಾರೋ ಸ್ನೈಪರ್ ಹಿಡಿದು ಹೊಡೆದಿದ್ದಾರೆ, ಮುಂದಿನದಕ್ಕೆ ನಮ್ಮ ಬಂದೂಕು ಬದಲಿಸಬೇಕು. ಗಡಿಯಾರ ಓಡುತ್ತಿರುತ್ತದೆ. ಕಂಟ್ರೋಲರ್ ಹಿಡಿದವನಿಗೆ ಮೌಸ್ ಇರುವುದಿಲ್ಲ, ಒಂದೊಂದು ಚೌಕ ದಾಟಲೂ ಒಂದೊಂದು ಸಲ ಗುಂಡಿ ಒತ್ತಬೇಕು. ಸಾಲಿನ ಮೊದಲಲ್ಲೇ ಒಂದು ಜಾಹೀರಾತಿನ ಚೌಕ ಬಂದು ಕೂತರೆ ಪ್ರತಿ ಸಲವೂ ಅದನ್ನು ದಾಟಿಯೇ ತನ್ನ ಬಂದೂಕಿಗೆ ಹೋಗಬೇಕು. ಕೈಗೆ ಅಭ್ಯಾಸವಾದ ಲೆಕ್ಕ ತಪ್ಪುತ್ತದೆ. ನಮ್ಮದೇ ಮನೆಯ ಬೀರು ತೆಗೆದರೆ ಮೇಲಿನ ಅರೆಯಲ್ಲಿ ಅಂಗಡಿಯವನು ಬೆಲೆಚೀಟಿ ಹಚ್ಚಿದ ಅಂಗಿ ಇಟ್ಟು ಹೋದ ಹಾಗೆ ಅದು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಗಮನಿಸಲಿಲ್ಲ. ಬಂಡಲ್ಲಿನಲ್ಲಿ ಬರುವ ಬಂದೂಕನ್ನು ಬ್ಲೂಪ್ರಿಂಟ್ ಎನ್ನುತ್ತಾರೆ. ಹೊಡೆತದ ಬಲದಲ್ಲಿ ಅದು ಮೂಲ ಬಂದೂಕಿನಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬಣ್ಣ, ರೂಪ, ಗುಂಡಿನ ಹಿಂದೆ ಮೂಡುವ ಬೆಳಕಿನ ಗೆರೆ ಬೇರೆ. ಆದರೆ ಬ್ಲೂಪ್ರಿಂಟ್ ಬರುವುದು ಬಿಡಿಭಾಗಗಳನ್ನು ಮೊದಲೇ ಜೋಡಿಸಿಕೊಂಡು. ಮೂಲ ಬಂದೂಕು ಇನ್ನೂ ಲಾಕ್ ಆಗಿದ್ದರೂ ಕೊಂಡವನು ಇದನ್ನು ಕೂಡಲೇ ಬಳಸಬಹುದು. ಅಂದರೆ ಗಂಟೆಗಟ್ಟಲೆ ಆಡಿ ಬಿಡಿಸಿಕೊಳ್ಳಬೇಕಾದ ವಸ್ತುವಿನ ಪಕ್ಕದಲ್ಲೇ ದುಡ್ಡು ಕೊಟ್ಟರೆ ಈಗಲೇ ಸಿಗುವ ಅದರ ಜೋಡಿಯನ್ನು ತೋರಿಸಿದರೆ ಅದು ಬರೀ ಅಲಂಕಾರದ ಜಾಹೀರಾತಾಗಿ ಉಳಿಯುವುದಿಲ್ಲ, ಆಟದ ದುಡಿಮೆಯ ಬೆಲೆಯನ್ನೇ ಮುಟ್ಟುತ್ತದೆ. ಸ್ಟೋರ್ ತನ್ನ ಪಾಡಿಗೆ ತಾನು ಬೇರೆ ಟ್ಯಾಬಿನಲ್ಲಿದ್ದಾಗ ಈ ಹೋಲಿಕೆ ಆಟಗಾರನ ಕಣ್ಣಿಗೆ ಬೀಳುವುದಿಲ್ಲ. ಲೋಡೌಟ್ ಮೆನುವಿನೊಳಗೆ ಬಂದರೆ ಪ್ರತಿ ಮ್ಯಾಚಿಗೆ ಮುನ್ನವೂ ಬೀಳುತ್ತದೆ.

ಈಗಾಗಲೇ ಎಷ್ಟು ಕೊಟ್ಟಾಗಿತ್ತು

ಬ್ಲ್ಯಾಕ್ ಆಪ್ಸ್ 6 ಬಿಡುಗಡೆಯಾದದ್ದು 2024ರ ಅಕ್ಟೋಬರ್ 25ರಂದು. ಅಮೆರಿಕದಲ್ಲಿ ಸಾಮಾನ್ಯ ಆವೃತ್ತಿಯ ಬೆಲೆ ಆಗ 69.99 ಡಾಲರ್. ಅದರ ಮೇಲೆ ಪ್ರತಿ ಸೀಸನ್ನಿಗೂ ಬ್ಯಾಟಲ್ ಪಾಸ್, ಸುಮಾರು 10 ಡಾಲರ್. ಅದರ ಮೇಲ್ದರ್ಜೆಯಾದ ಬ್ಲ್ಯಾಕ್‌ಸೆಲ್‌ಗೆ 29.99 ಡಾಲರ್. ಸ್ಟೋರಿನ ಒಂದು ದೊಡ್ಡ ಬಂಡಲ್ಲಿಗೆ 2,400 ಸಿಒಡಿ ಪಾಯಿಂಟ್ (ದುಡ್ಡು ಕೊಟ್ಟು ಕೊಳ್ಳುವ, ಗೇಮಿನೊಳಗಿನ ನಾಣ್ಯ), ಅಂದರೆ ಸುಮಾರು 20 ಡಾಲರ್. ಬೆಲೆಯನ್ನು ಡಾಲರಿನಲ್ಲೋ ರೂಪಾಯಿಯಲ್ಲೋ ತೋರಿಸದೆ ಪಾಯಿಂಟುಗಳಲ್ಲಿ ತೋರಿಸುವುದರಿಂದ ಕೈಯಿಂದ ಎಷ್ಟು ಹೋಯಿತು ಎನ್ನುವುದು ಮಸುಕಾಗುತ್ತದೆ. ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳ ಜಾಲ 2025ರ ಮಾರ್ಚಿನಲ್ಲಿ ಹೊರಡಿಸಿದ ತತ್ವಗಳಲ್ಲಿ ಇದೂ ಒಂದು: ಗೇಮಿನೊಳಗಿನ ನಾಣ್ಯದಲ್ಲಿ ಬೆಲೆ ಹೇಳುವಾಗ ನಿಜವಾದ ಹಣದಲ್ಲೂ ಸ್ಪಷ್ಟವಾಗಿ ಹೇಳಬೇಕು.

ಆ ವರ್ಷ ದುಡ್ಡಿನ ವಿಷಯದಲ್ಲಿ ಆಟಗಾರರ ತಾಳ್ಮೆ ಮೊದಲೇ ಸವೆದಿತ್ತು. ಜನವರಿಯಲ್ಲಿ ಕೊರಿಯಾದ ಒಂದು ಜನಪ್ರಿಯ ವೆಬ್ ಸರಣಿಯ ಜೊತೆ ನಡೆದ ಈವೆಂಟಿನಲ್ಲಿ, ಆಡಿ ಗೆಲ್ಲುವ ಬಹುಮಾನಗಳ ಪಕ್ಕದಲ್ಲೇ 1,100 ಪಾಯಿಂಟ್ ಕೊಟ್ಟವರಿಗೆ ಮಾತ್ರ ತೆರೆಯುವ ಎರಡನೇ ಸಾಲು ಬಂತು. ಬ್ಯಾಟಲ್ ಪಾಸಿಗೆ ದುಡ್ಡು, ಅದೇ ಸೀಸನ್ನಿನ ಈವೆಂಟಿಗೆ ಬೇರೆ ದುಡ್ಡು. ಮುಂದೆ ಕಾರ್ಟೂನಿನ ನಿಂಜಾ ಆಮೆಗಳ ಈವೆಂಟ್ ಬಂದಾಗ ನಾಲ್ಕು ಆಮೆಗಳನ್ನು ನಾಲ್ಕು ಬಂಡಲ್‌ಗಳಾಗಿ ಮಾರಿದರು. ಒಂದೊಂದಕ್ಕೂ ಸುಮಾರು 20 ಡಾಲರ್. ನಾಲ್ಕೂ ಬೇಕೆಂದವನಿಗೆ ಪೂರ್ತಿ ಗೇಮಿಗಿಂತ ಹೆಚ್ಚು ಖರ್ಚು. ಮೇ ತಿಂಗಳ ಮೊದಲ ದಿನವೇ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಯಂತ್ರಗಳ ಬೆಲೆ ಏರಿಸಿತು, ವರ್ಷದ ಕೊನೆಗೆ ಬರುವ ತನ್ನ ಕೆಲವು ಹೊಸ ಗೇಮ್‌ಗಳಿಗೆ 79.99 ಡಾಲರ್ ಆಗುತ್ತದೆ ಎಂದೂ ಹೇಳಿತು. ಆಕ್ಟಿವಿಷನ್ ಬ್ಲಿಝಾರ್ಡನ್ನು 2023ರ ಅಕ್ಟೋಬರಿನಲ್ಲಿ ಸುಮಾರು 69 ಬಿಲಿಯನ್ ಡಾಲರ್ ಕೊಟ್ಟು ಕೊಂಡದ್ದೂ ಇದೇ ಮೈಕ್ರೋಸಾಫ್ಟ್. 79.99ರ ಮಾತನ್ನು ಜುಲೈನಲ್ಲಿ ಅದು ಹಿಂದಕ್ಕೆ ತೆಗೆದುಕೊಂಡಿತು, ಆದರೆ ಜಾಹೀರಾತುಗಳು ಕಾಣಿಸಿಕೊಂಡ ವಾರದಲ್ಲಿ ಆ ಸುದ್ದಿ ಇನ್ನೂ ಬಿಸಿಯಾಗಿತ್ತು.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಸಂಗತಿಯೂ ನಡೆದಿತ್ತು. ಏಪ್ರಿಲ್ 3ರಂದು ವಾರ್‌ಝೋನ್‌ಗೆ ಅದರ ಮೊದಲ ಮ್ಯಾಪ್ ವರ್ಡಾನ್ಸ್ಕ್ ಮರಳಿ ಬಂದಿತ್ತು. 2020ರ ಲಾಕ್‌ಡೌನ್ ದಿನಗಳಲ್ಲಿ ಗೆಳೆಯರ ಜೊತೆ ರಾತ್ರಿಯಿಡೀ ಆಡಿದ ಆ ಊರಿಗಾಗಿ ಬಿಟ್ಟುಹೋದವರೂ ತಿರುಗಿ ಬಂದರು. ಬಹಳ ಕಾಲದ ಮೇಲೆ ಆಟಗಾರರು ಈ ಕಂಪನಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಿದ್ದರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ ಬಂದೂಕಿನ ಸಾಲಿನಲ್ಲಿ ಜಾಹೀರಾತು. ಕೋಪ ಅಷ್ಟು ಬೇಗ ಹತ್ತಿಕೊಂಡದ್ದಕ್ಕೆ ಇದೂ ಕಾರಣ ಎಂದು ನನಗನಿಸುತ್ತದೆ. ನಂಬಿಕೆ ಮರಳಿದ ಹೊತ್ತಿನಲ್ಲಿ ಬಿದ್ದ ಏಟು ಹೆಚ್ಚು ನೋಯಿಸುತ್ತದೆ.

ಆಟಗಾರರ ವಾದದಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಒಂದೇ: ವಾರ್‌ಝೋನ್ ಉಚಿತ, ಅಲ್ಲಿ ಹೀಗೆ ಮಾಡಿದರೆ ಸಹಿಸಬಹುದು, 70 ಡಾಲರ್ ಕೊಟ್ಟ ಗೇಮಿನಲ್ಲಿ ಯಾಕೆ? ನ್ಯಾಯವಾದ ಪ್ರಶ್ನೆ. ಆದರೆ ಇಲ್ಲೊಂದು ತಾಂತ್ರಿಕ ಗಂಟಿದೆ. ಉಚಿತ ಗೇಮೂ ಕೊಂಡ ಗೇಮೂ ಒಂದೇ ಆ್ಯಪಿನೊಳಗೆ ತೆರೆದುಕೊಳ್ಳುತ್ತವೆ, ಬಂದೂಕುಗಳು, ಲೆವೆಲ್‌ಗಳು, ಸ್ಟೋರ್ ಎರಡಕ್ಕೂ ಸಾಮಾನ್ಯ. ಉಚಿತ ಗೇಮಿಗೆ ಸ್ಟೋರಿನ ಆದಾಯವೇ ಜೀವ, ಅದಕ್ಕೆ ತಕ್ಕಂತೆ ಮೆನುಗಳು ರೂಪುಗೊಳ್ಳುತ್ತವೆ. ಆ ಮೆನುಗಳನ್ನು ಪೂರ್ತಿ ಬೆಲೆ ಕೊಟ್ಟವನೂ ಹಂಚಿಕೊಳ್ಳಬೇಕಾಗುತ್ತದೆ. ಹೀಗೆ ಒಟ್ಟಿಗೆ ಕಟ್ಟಿದ್ದರಿಂದ ಕಂಪನಿಗೆ ಅನುಕೂಲವಿದೆ, ಆಟಗಾರನಿಗೂ ಒಂದಿಷ್ಟು ಇದೆ. ಆದರೆ ಅಂಗಡಿ ಎಲ್ಲಿಯವರೆಗೆ ಬರಬಹುದು ಎಂಬ ಗೆರೆ ಇದರಿಂದ ಅಳಿಸಿಹೋಗುತ್ತದೆ.

‘ತಪ್ಪಾಗಿ ಬಿಡುಗಡೆಯಾಯಿತು’

ಕಂಪನಿಯ ಹೇಳಿಕೆಯ ಹತ್ತಿರ ನಿಂತು ನೋಡೋಣ. ಅದರಲ್ಲಿ ತಪ್ಪು ಎಂದು ಒಪ್ಪಿಕೊಂಡದ್ದು ಬಿಡುಗಡೆಯನ್ನು. ಪ್ರಯೋಗವನ್ನಲ್ಲ. ಲೋಡೌಟ್ ಮೆನುವಿನಲ್ಲಿ ಸ್ಟೋರ್ ತೋರಿಸುವ ಕೆಲಸ ನಡೆದಿತ್ತು ಎನ್ನುವುದನ್ನು ಹೇಳಿಕೆಯೇ ಖಚಿತಪಡಿಸುತ್ತದೆ. ಯಾರೋ ಕೂತು ಆ ಚೌಕಗಳನ್ನು ವಿನ್ಯಾಸ ಮಾಡಿದ್ದಾರೆ, ಯಾವ ಬಂದೂಕಿನ ಮೇಲೆ ಯಾವ ಬಂಡಲ್ ಎಂದು ಜೋಡಿಸಿದ್ದಾರೆ, ಒತ್ತಿದರೆ ಖರೀದಿಯ ಕಡೆ ಹೋಗುವಂತೆ ಮಾಡಿದ್ದಾರೆ. ಇದು ಕೈತಪ್ಪಿ ಬೀಳುವ ವಸ್ತುವಲ್ಲ. ತಪ್ಪಾಗಿ ಹೊರಬಂತು ಎನ್ನುವುದನ್ನು ನಾನು ಅನುಮಾನಿಸುವುದಿಲ್ಲ. ದೊಡ್ಡ ಗೇಮ್‌ಗಳಲ್ಲಿ ಅರ್ಧಂಬರ್ಧ ಕೆಲಸ ಅಪ್‌ಡೇಟಿನ ಜೊತೆ ಹೊರಗೆ ಬರುವುದು ಆಗಾಗ ನಡೆಯುತ್ತದೆ. ಆದರೆ ಆ ಪ್ರಯೋಗ ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ಬಿಡುಗಡೆಯಾಗಿದ್ದರೆ ಒಪ್ಪಬೇಕಿತ್ತೇ ಎಂಬ ಪ್ರಶ್ನೆಗೆ ಹೇಳಿಕೆಯಲ್ಲಿ ಉತ್ತರವಿಲ್ಲ. ಮುಂದೆ ಎಂದೂ ಮಾಡುವುದಿಲ್ಲ ಎಂಬ ಮಾತೂ ಅದರಲ್ಲಿ ಇರಲಿಲ್ಲ. ಹೇಳಿಕೆ ಮಾತಾಡಿದ್ದು ಲೋಡೌಟ್ ಮೆನುವಿನ ಬಗ್ಗೆ ಮಾತ್ರ.

ಪ್ರಯೋಗ ಎನ್ನುವ ಪದದ ಹಿಂದೆ ಒಂದು ಕೆಲಸದ ಕ್ರಮವಿದೆ. ಆಟಗಾರರಲ್ಲಿ ಒಂದು ಭಾಗಕ್ಕೆ ಹಳೆಯ ಮೆನು, ಇನ್ನೊಂದು ಭಾಗಕ್ಕೆ ಹೊಸ ಮೆನು ತೋರಿಸುತ್ತಾರೆ. ಯಾವುದರಲ್ಲಿ ಖರೀದಿ ಹೆಚ್ಚಾಯಿತು ಎಂದು ಅಳೆಯುತ್ತಾರೆ. ಖರೀದಿ ಏರಿದ್ದು ಸಂಖ್ಯೆಯಲ್ಲಿ ಕಾಣುತ್ತದೆ. ಬೇಸರ ಏರಿದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ, ಕಂಡರೂ ತಿಂಗಳುಗಳ ಮೇಲೆ, ಜನ ಬಿಟ್ಟುಹೋದಾಗ. ಹೀಗಾಗಿ ಇಂಥ ಪ್ರಯೋಗಗಳ ತಕ್ಕಡಿ ಮೊದಲಿನಿಂದಲೇ ಒಂದು ಕಡೆ ವಾಲಿರುತ್ತದೆ. ಆಟಗಾರರು ಗಲಾಟೆ ಮಾಡದಿದ್ದರೆ ಆ ಬೇಸರ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅದಕ್ಕೇ ಅವರ ಕೂಗಾಟವನ್ನು ಕೆಲಸವಿಲ್ಲದವರ ಗೊಣಗಾಟ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ.

ಹಳೆಯ ಒಂದು ದಾಖಲೆಯನ್ನೂ ಇಲ್ಲಿ ನೆನೆಯಬೇಕು. 2017ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಆಕ್ಟಿವಿಷನ್‌ಗೆ ಒಂದು ಪೇಟೆಂಟ್ ಸಿಕ್ಕಿತು, ಅರ್ಜಿ ಹಾಕಿದ್ದು 2015ರಲ್ಲಿ. ಮಲ್ಟಿಪ್ಲೇಯರ್ ಗೇಮ್‌ಗಳಲ್ಲಿ ಖರೀದಿ ಹೆಚ್ಚಿಸುವ ಹೊಂದಾಣಿಕೆಯ ವಿಧಾನ ಅದು. ಹೊಸ ಆಟಗಾರನನ್ನು, ಅವನಿಗೆ ಬೇಕೆನಿಸಬಹುದಾದ ಆಯುಧ ಹಿಡಿದ ನುರಿತ ಆಟಗಾರನ ಎದುರಿಗೆ ಬಿಡುವುದು, ಅದನ್ನು ನೋಡಿ ಕೊಳ್ಳುವ ಆಸೆ ಹುಟ್ಟುವಂತೆ ಮಾಡುವುದು, ಕೊಂಡ ಮೇಲೆ ಆ ಆಯುಧಕ್ಕೆ ಒಗ್ಗುವ ಮ್ಯಾಚಿಗೆ ಅವನನ್ನು ಹಾಕಿ ಕೊಂಡದ್ದು ಸಾರ್ಥಕ ಅನಿಸುವಂತೆ ಮಾಡುವುದು ಅದರ ಸಾರ. ಇದು ಸಂಶೋಧನೆಯ ಹಂತದ್ದು, ಯಾವ ಗೇಮಿನಲ್ಲೂ ಬಳಸಿಲ್ಲ ಎಂದು ಕಂಪನಿ ಆಗ ಹೇಳಿತ್ತು. ಆ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಆಧಾರವಿಲ್ಲ, ಹೇಳುವುದೂ ಇಲ್ಲ. ಆದರೆ ಆಟದ ಒಳಗಿನ ಕ್ಷಣಗಳನ್ನೇ ಮಾರಾಟದ ಕ್ಷಣಗಳನ್ನಾಗಿ ನೋಡುವ ಆಲೋಚನೆ ಈ ಉದ್ಯಮಕ್ಕೆ ಹೊಸದಲ್ಲ ಎನ್ನುವುದಕ್ಕೆ ಆ ಪೇಟೆಂಟೇ ಸಾಕ್ಷಿ.

ಕಂಪನಿಯ ಕಡೆಯ ವಾದವನ್ನೂ ಅದರ ಪೂರ್ತಿ ಬಲದಲ್ಲೇ ಇಡುತ್ತೇನೆ. ಇಂಥ ಗೇಮ್ ಮಾಡುವ ಖರ್ಚು ಅಗಾಧ. ‘ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್’ ಗೇಮಿಗೆ ಅದರ ಆಯುಷ್ಯದುದ್ದಕ್ಕೂ ಸೇರಿ 700 ಮಿಲಿಯನ್ ಡಾಲರಿಗೂ ಹೆಚ್ಚು ಖರ್ಚಾಯಿತೆಂದು ಕಂಪನಿಯೇ 2024ರ ಕೊನೆಯಲ್ಲಿ ನ್ಯಾಯಾಲಯಕ್ಕೆ ಕೊಟ್ಟ ದಾಖಲೆಯಿಂದ ತಿಳಿದುಬಂತು. ಬಿಡುಗಡೆಯ ನಂತರವೂ ವರ್ಷವಿಡೀ ಹೊಸ ಮ್ಯಾಪುಗಳು ಎಲ್ಲರಿಗೂ ಉಚಿತವಾಗಿ ಬರುತ್ತವೆ. ಮೊದಲೆಲ್ಲ ಅವನ್ನೇ ಸೀಸನ್ ಪಾಸಿನಲ್ಲಿ ಮಾರುತ್ತಿದ್ದರು, ಕೊಂಡವರು ಒಂದು ಕಡೆ, ಕೊಳ್ಳದವರು ಒಂದು ಕಡೆ ಎಂದು ಆಟಗಾರರು ಒಡೆದುಹೋಗುತ್ತಿದ್ದರು. ಸ್ಕಿನ್ (ಪಾತ್ರ, ಬಂದೂಕುಗಳ ಹೊರರೂಪ) ಮಾರಿ ಮ್ಯಾಪ್ ಉಚಿತ ಕೊಡುವ ಈಗಿನ ಪದ್ಧತಿ ಅದಕ್ಕಿಂತ ಎಷ್ಟೋ ಮೇಲು, ಇದನ್ನು ಮನಸಾರೆ ಒಪ್ಪುತ್ತೇನೆ. ಆದಾಯದ ಕಡೆಯನ್ನೂ ನೋಡಬೇಕಲ್ಲ: 2021ರಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ಗೇಮಿನೊಳಗಿನ ಮಾರಾಟದಿಂದ ಪಡೆದದ್ದು 5 ಬಿಲಿಯನ್ ಡಾಲರಿಗೂ ಹೆಚ್ಚು. ಅದರಲ್ಲಿ ಕ್ಯಾಂಡಿ ಕ್ರಶ್‌ನಂಥ ಮೊಬೈಲ್ ಗೇಮ್‌ಗಳ ಪಾಲೂ ಸೇರಿದೆ. ಅಂಗಡಿ ಬೇರೆ ಟ್ಯಾಬಿನಲ್ಲಿದ್ದಾಗಲೇ ಬಂದ ದುಡ್ಡು ಇದು. ಅಂಗಡಿ ಕಾಣದೆ ವ್ಯಾಪಾರ ಕುಸಿಯುತ್ತಿತ್ತು ಎನ್ನುವ ಸ್ಥಿತಿಯಂತೂ ಇರಲಿಲ್ಲ.

ಇದೇ ದಾರಿಯಲ್ಲಿ ಹಿಂದೆ ಹೋದವರು

ಈ ಪ್ರಕರಣವನ್ನು ಒಂಟಿಯಾಗಿ ನೋಡಿದರೆ ಒಂದು ಸಂಗತಿ ತಪ್ಪಿಹೋಗುತ್ತದೆ, ಅದಕ್ಕೆ ಹಳೆಯ ಮೂರು ಘಟನೆಗಳನ್ನು ಪಕ್ಕಕ್ಕಿಟ್ಟುಕೊಳ್ಳಬೇಕು.

ಇಎ ಕಂಪನಿಯ ಹೊಡೆದಾಟದ ಕ್ರೀಡೆಯ ಗೇಮ್ ‘ಯುಎಫ್‌ಸಿ 4’ ಬಂದದ್ದು 2020ರ ಆಗಸ್ಟ್ 14ರಂದು. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ, ಒಳ್ಳೆಯ ಏಟು ಬಿದ್ದಾಗ ತೋರಿಸುವ ಮರುದೃಶ್ಯಗಳ ನಡುವೆ ಒಂದು ವೆಬ್ ಸರಣಿಯ ಜಾಹೀರಾತು ಪೂರ್ತಿ ಪರದೆ ತುಂಬಿ ಬರತೊಡಗಿತು. ಆ ಕ್ರೀಡೆಯ ಅಖಾಡದ ನೆಲದ ಮೇಲೆ ಪ್ರಾಯೋಜಕರ ಹೆಸರು ಇರುವುದು ನಿಜ ಜೀವನದಲ್ಲೂ ಉಂಟು, ಅದಕ್ಕೆ ಯಾರೂ ಆಕ್ಷೇಪಿಸಿರಲಿಲ್ಲ. ಆಟವನ್ನು ತಡೆದು ಬಂದ ಜಾಹೀರಾತಿಗೆ ಸಿಟ್ಟೆದ್ದಿತು. ಇದು ಆಟಗಾರರಿಗೆ ಬೇಡ ಎನ್ನುವುದು ಸ್ಪಷ್ಟವಾಗಿದೆ ಎಂದು ಒಪ್ಪಿ ಕಂಪನಿ ತೆಗೆದುಹಾಕಿತು. ಕಾಲ್ ಆಫ್ ಡ್ಯೂಟಿಯೂ ಸೇರಿ ಈ ನಾಲ್ಕು ಪ್ರಕರಣಗಳಲ್ಲಿ ‘ತಾಂತ್ರಿಕ ದೋಷ’, ‘ತಪ್ಪಾಗಿ’ ಎನ್ನದೆ ತಾವೇ ಹಾಕಿದ್ದೆವು ಎಂದು ನೇರವಾಗಿ ಹೇಳಿದ ಉತ್ತರ ಇದೊಂದೇ, ಅದಕ್ಕೆ ಅದರ ಬಗ್ಗೆ ನನಗೆ ಗೌರವವಿದೆ.

ಮರುತಿಂಗಳು, 2020ರ ಅಕ್ಟೋಬರಿನಲ್ಲಿ, ‘ಎನ್‌ಬಿಎ 2ಕೆ21’ ಗೇಮಿನಲ್ಲಿ ಪಂದ್ಯ ಶುರುವಾಗುವ ಮುನ್ನ ಒಂದು ವಿಆರ್ ಹೆಡ್‌ಸೆಟ್ಟಿನ ಜಾಹೀರಾತು ಬಂತು. ದಾಟಿಸಿ ಮುಂದೆ ಹೋಗಲು ದಾರಿ ಇರಲಿಲ್ಲ. ಪಂದ್ಯದ ಪೀಠಿಕೆಯಲ್ಲಿ ಅದು ಬರಬೇಕಾದದ್ದಲ್ಲ, ಮುಂದೆ ಸರಿಪಡಿಸುತ್ತೇವೆ ಎಂಬ ಉತ್ತರ ಬಂತು. ಮೂರನೆಯದು 2023ರ ನವೆಂಬರಿನದು. ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಆಡುತ್ತಿದ್ದವರು ಮ್ಯಾಪ್ ತೆರೆಯಲು ಗುಂಡಿ ಒತ್ತಿದರೆ ಅದೇ ಸರಣಿಯ ಹೊಸ ಗೇಮಿನ ರಿಯಾಯಿತಿ ಪ್ರಕಟಣೆ ಪರದೆ ತುಂಬಿತು. ಮುಖ್ಯ ಮೆನುವಿನಲ್ಲಿ ತೋರಿಸಬೇಕೆಂದಿದ್ದದ್ದು ತಾಂತ್ರಿಕ ದೋಷದಿಂದ ಅಲ್ಲಿ ಬಂತು ಎಂದು ಯೂಬಿಸಾಫ್ಟ್ ಹೇಳಿತು.

ಈಗ ದಿನಾಂಕಗಳನ್ನು ನೋಡಿ. ಯುಎಫ್‌ಸಿಯಲ್ಲಿ ಬಿಡುಗಡೆಯಾದ ಮೂರು ವಾರಕ್ಕೆ. ಎನ್‌ಬಿಎಯಲ್ಲಿ ತಿಂಗಳು ಕಳೆದ ಮೇಲೆ. ಬ್ಲ್ಯಾಕ್ ಆಪ್ಸ್‌ನಲ್ಲಿ ಏಳು ತಿಂಗಳಿಗೆ. ಒಡಿಸ್ಸಿಯಲ್ಲಿ ಐದು ವರ್ಷದ ನಂತರ, ಅದು ಒಬ್ಬನೇ ಕೂತು ಆಡುವ ಗೇಮ್ ಆಗಿದ್ದರೂ. ಪತ್ರಿಕೆಗಳ ವಿಮರ್ಶೆ ಬರುವಾಗ ಯಾವುದರಲ್ಲೂ ಈ ಜಾಹೀರಾತುಗಳು ಇರಲಿಲ್ಲ. ವಿಮರ್ಶಕ ಮೆಚ್ಚಿ ಅಂಕ ಕೊಟ್ಟ ಗೇಮ್ ಒಂದು, ಮೂರು ವಾರದ ನಂತರ ನಮ್ಮ ಪರದೆಯ ಮೇಲಿದ್ದದ್ದು ಇನ್ನೊಂದು. ಅಪ್‌ಡೇಟ್ ಬೇಡ ಎನ್ನುವಂತಿಲ್ಲ, ಆನ್‌ಲೈನ್ ಆಡಬೇಕೆಂದರೆ ಹಾಕಿಕೊಳ್ಳಲೇಬೇಕು. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಗೇಮ್ ಮರಳಿಸಿ ಹಣ ಪಡೆಯಬೇಕೆಂದರೆ ಸಾಮಾನ್ಯ ನಿಯಮದಲ್ಲಿ ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು. ಅಕ್ಟೋಬರಿನಲ್ಲಿ ಕೊಂಡವನಿಗೆ ಮೇ ತಿಂಗಳಲ್ಲಿ ಆ ಬಾಗಿಲು ಮುಚ್ಚಿ ಆರು ತಿಂಗಳಾಗಿರುತ್ತದೆ.

ನನ್ನ ಪ್ರಕಾರ ಈ ಪ್ರಕರಣದ ಹೃದಯ ಇಲ್ಲಿದೆ. ಜಾಹೀರಾತು ದೊಡ್ಡದೋ ಚಿಕ್ಕದೋ, ಎಷ್ಟು ಸಲ ಬಂತು ಎನ್ನುವುದು ಎರಡನೆಯ ಮಾತು. ಕೊಳ್ಳುವವನು ಬೇಡ ಎನ್ನಬಹುದಾದ ಕಾಲ ಕಳೆದ ಮೇಲೆ, ಬೇಡ ಎನ್ನಲಾಗದ ರೀತಿಯಲ್ಲಿ ಅದು ಬಂತು. ಆಟಗಾರರು ಕೂಗಾಡಿದ್ದಕ್ಕೆ ಕಾರಣ ಅವರ ಕೈಯಲ್ಲಿ ಉಳಿದಿದ್ದ ಸಾಧನ ಅದೊಂದೇ.

ನಮ್ಮ ಕಾನೂನಿನ ಕಣ್ಣಲ್ಲಿ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪಿಎಸ್5 ಇಟ್ಟುಕೊಂಡು ಇದೇ ಗೇಮ್ ಆಡುವವರ ಪರದೆಗೂ ಬರುವುದು ಇದೇ ಅಪ್‌ಡೇಟ್. ಹಾಗಾಗಿ ನಮ್ಮಲ್ಲಿ ಇದಕ್ಕೆ ಏನು ನಿಯಮವಿದೆ ಎನ್ನುವುದು ಹೊರಗಿನ ಪ್ರಶ್ನೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕನನ್ನು ದಾರಿ ತಪ್ಪಿಸುವ, ಅವನ ಆಯ್ಕೆಯನ್ನು ಕೆಡಿಸುವ 13 ಬಗೆಯ ವಿನ್ಯಾಸಗಳನ್ನು ಅದು ಹೆಸರಿಸುತ್ತದೆ. ಭಾರತದಲ್ಲಿ ಸರಕು ಅಥವಾ ಸೇವೆ ಒದಗಿಸುವ ಎಲ್ಲ ವೇದಿಕೆಗಳಿಗೂ ಅದು ಅನ್ವಯಿಸುತ್ತದೆ. ಅಂದರೆ ಕಂಪನಿ ಹೊರದೇಶದ್ದಾದರೂ ಇಲ್ಲಿ ಮಾರಿದರೆ ಸಾಕು.

ಆ ಹದಿಮೂರರಲ್ಲಿ ಎರಡು ಇಲ್ಲಿಗೆ ಹತ್ತಿರ ಬರುತ್ತವೆ. ಒಂದು, ವೇಷ ಮರೆಸಿದ ಜಾಹೀರಾತು: ಪುಟದ ಉಳಿದ ಭಾಗದ ಜೊತೆ ಬೆರೆತುಹೋಗುವಂತೆ ಮಾಡಿ, ಬೇರೇನೋ ಎಂದು ತಿಳಿದು ಒತ್ತುವಂತೆ ಮಾಡುವುದು. ಬಂದೂಕುಗಳ ಸಾಲಿನಲ್ಲಿ, ಬಂದೂಕಿನದೇ ಚಿತ್ರವಿರುವ ಚೌಕ ಈ ವಿವರಣೆಯ ಅಂಚಿಗೆ ಬರುತ್ತದೆ. ಅಂಚಿಗೆ ಎನ್ನುವುದನ್ನು ಯೋಚಿಸಿಯೇ ಬರೆದಿದ್ದೇನೆ, ಆ ಚೌಕಗಳು ಉಳಿದವುಗಳಿಗಿಂತ ದೊಡ್ಡದಾಗಿದ್ದವು, ಮಾರಾಟದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ಇನ್ನೊಂದು ಹೆಚ್ಚು ಸರಿಯಾಗಿ ಹೊಂದುತ್ತದೆ. ವ್ಯವಹಾರ ನಡೆಸುವ ಉದ್ದೇಶದಿಂದ, ಬಳಕೆದಾರ ಒಪ್ಪಿಗೆ ಕೊಡದೆ, ಮತ್ತೆ ಮತ್ತೆ ಅಡ್ಡಬರುವುದನ್ನು ಮಾರ್ಗಸೂಚಿ ಪೀಡಿಸುವಿಕೆ ಎಂದು ಪರಿಗಣಿಸುತ್ತದೆ. ಪ್ರತಿ ಮ್ಯಾಚಿಗೆ ಮುನ್ನ ಪ್ರತಿ ಸಲ ದಾಟಬೇಕಾದ ಜಾಹೀರಾತಿಗೆ ಬೇರೆ ಹೆಸರು ಹುಡುಕಬೇಕಿಲ್ಲ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗೇಮ್ ವಿಷಯಕ್ಕೆ ಅಲ್ಲಿಗೆ ಯಾಕೆ ಹೋಗುವುದು ಎಂದು ನಮ್ಮವರು ಹಿಂಜರಿಯುತ್ತಾರೆ. ಐದಾರು ಸಾವಿರ ಕೊಟ್ಟು ಕೊಂಡದ್ದು ಮಿಕ್ಸಿಯಾದರೆ ಹೋಗುತ್ತಿದ್ದೆವಲ್ಲ.

ಬೇರೆ ದೇಶಗಳಲ್ಲಿ ಖರೀದಿಯ ಗುಂಡಿಯನ್ನು ಎಲ್ಲಿ ಇಡುತ್ತೀರಿ ಎಂಬುದೇ ದೊಡ್ಡ ಮೊತ್ತ ತೆರಲು ಕಾರಣವಾದದ್ದುಂಟು. ಫೋರ್ಟ್‌ನೈಟ್ ಗೇಮಿನಲ್ಲಿ ಗೊಂದಲ ಹುಟ್ಟಿಸುವ ಗುಂಡಿಗಳಿಂದ, ಆಟಗಾರರು ಬೇಡದ ಖರೀದಿ ಮಾಡುವಂತಾಗಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. ಆ ಪ್ರಕರಣದಲ್ಲಿ ಎಪಿಕ್ ಗೇಮ್ಸ್ 245 ಮಿಲಿಯನ್ ಡಾಲರನ್ನು ಗ್ರಾಹಕರಿಗೆ ಮರಳಿಸಲು 2022ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗುಂಡಿ ಇರುವ ಜಾಗ ಬರೀ ವಿನ್ಯಾಸಕಾರರ ರುಚಿಯ ವಿಷಯವಲ್ಲ ಎನ್ನುವುದು ಅಲ್ಲಿ ಹಣದ ಲೆಕ್ಕದಲ್ಲೇ ಸ್ಥಾಪಿತವಾಯಿತು.

ಅಂಗಡಿ ಎಲ್ಲಿರಬಹುದು

ಗೇಮಿನೊಳಗೆ ಅಂಗಡಿಯೇ ಬೇಡ ಎನ್ನುವ ಪಕ್ಷದವನು ನಾನಲ್ಲ. ‘ಹೆಲ್‌ಡೈವರ್ಸ್ 2’ ನೋಡಿ, ಅದೂ ದುಡ್ಡು ಕೊಟ್ಟು ಕೊಳ್ಳುವ ಗೇಮು, ಅದರಲ್ಲೂ ಅಂಗಡಿಯಿದೆ. ಆದರೆ ಕಾರ್ಯಾಚರಣೆಗೆ ಹೋದಾಗ ನೆಲದಲ್ಲಿ ಹುಡುಕಿದರೆ ಅಂಗಡಿಯ ನಾಣ್ಯ ಅಲ್ಲೇ ಸಿಗುತ್ತದೆ. ಸಾಕಷ್ಟು ಆಡಿದವನು ಹೆಚ್ಚುವರಿ ಕಾಸು ಕೊಡದೆಯೇ ಕೊಳ್ಳಬಹುದು. ಅಲ್ಲೂ ಬೆಲೆಯ ಬಗ್ಗೆ ತಕರಾರುಗಳಿವೆ, ಆದರೆ ಅಂಗಡಿಯನ್ನು ಕಂಡರೆ ಹಗೆತನ ಹುಟ್ಟುವುದಿಲ್ಲ. ಆಟಗಾರನೇ ನಡೆದು ಅಂಗಡಿಗೆ ಹೋಗುತ್ತಾನೆ, ಅಂಗಡಿ ಅವನ ಹಿಂದೆ ಬರುವುದಿಲ್ಲ.

ಬ್ಲ್ಯಾಕ್ ಆಪ್ಸ್ 6ರಲ್ಲಿ ಕೊಂಡ ಬಂಡಲ್‌ಗಳ ಮುಂದಿನ ಕತೆಯನ್ನೂ ಹೇಳಬೇಕು, ಯಾಕೆಂದರೆ ಆ ಮೇ ತಿಂಗಳಲ್ಲಿ ಜಾಹೀರಾತು ನೋಡಿ ಕೊಂಡವರೂ ಇದ್ದಿರಲೇಬೇಕು. ಆಗಸ್ಟ್ 26ರಂದು ಕಂಪನಿ ಒಂದು ತೀರ್ಮಾನ ಪ್ರಕಟಿಸಿತು: ಬ್ಲ್ಯಾಕ್ ಆಪ್ಸ್ 6ರ ಪಾತ್ರಗಳು, ಸ್ಕಿನ್‌ಗಳು, ಬಂದೂಕುಗಳು ನವೆಂಬರಿನಲ್ಲಿ ಬರುವ ಬ್ಲ್ಯಾಕ್ ಆಪ್ಸ್ 7ಕ್ಕೆ ದಾಟುವುದಿಲ್ಲ. ಗೇಮಿನ ಮೂಲ ಸ್ವಭಾವ ಉಳಿಸಿಕೊಳ್ಳಲು ಹೀಗೆ ಮಾಡುತ್ತಿದ್ದೇವೆ ಎಂಬ ಕಾರಣ ಕೊಟ್ಟಿತು. ಕಾರ್ಟೂನು ಪಾತ್ರಗಳ ಹಾವಳಿಯಿಂದ ಬೇಸತ್ತಿದ್ದ ಅನೇಕರು ಅದನ್ನು ಸ್ವಾಗತಿಸಿದರು, ನನಗೂ ಆ ತೀರ್ಮಾನ ಸರಿಯೆಂದೇ ಕಾಣುತ್ತದೆ. ಆದರೆ ಅದಕ್ಕೆ ಮೂರೇ ತಿಂಗಳ ಹಿಂದೆ ಅದೇ ಸರಕನ್ನು ಲೋಡೌಟ್ ಮೆನುವಿನ ನೆತ್ತಿಯ ಮೇಲಿಟ್ಟು ತೋರಿಸಿದಾಗ ಅದು ಮುಂದಿನ ಗೇಮಿಗೆ ಬರುತ್ತದೋ ಇಲ್ಲವೋ ಕೊಳ್ಳುವವನಿಗೆ ತಿಳಿದಿರಲಿಲ್ಲ. ಬ್ಲ್ಯಾಕ್ ಆಪ್ಸ್ 6ರಲ್ಲಿ, ವಾರ್‌ಝೋನ್‌ನಲ್ಲಿ ಅವು ಈಗಲೂ ಕೆಲಸ ಮಾಡುತ್ತವೆ. ಹೊಸ ಗೇಮಿಗೆ ಹೋದವನಿಗೆ ಮಾತ್ರ ಇಲ್ಲ.

ಏನು ಮಾಡಬಹುದು ಎನ್ನುವುದಕ್ಕೆ ಒಂದು ದಾರಿ ಈಗಾಗಲೇ ತೆರೆದಿದೆ. ಗೇಮಿನಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳಿದ್ದರೆ ಮಾರಾಟದ ಪುಟದಲ್ಲೇ ಹೇಳಬೇಕು ಎಂದು ಸ್ಟೀಮ್ ನಡೆಸುವ ವ್ಯಾಲ್ವ್ 2024ರ ಜನವರಿಯಲ್ಲಿ ನಿಯಮ ಮಾಡಿತು. ಆ ನಿಯಮದಿಂದಾಗಿಯೇ 2025ರ ಫೆಬ್ರವರಿಯಲ್ಲಿ ಬ್ಲ್ಯಾಕ್ ಆಪ್ಸ್ 6ರ ಪುಟದಲ್ಲಿ ಅಂಥ ಒಂದು ಸಾಲು ಸೇರಿತು. ಜಾಹೀರಾತು ನೋಡಿದರೆ ಮಾತ್ರ ಆಡಲು ಬಿಡುವಂಥ ಗೇಮ್‌ಗಳಿಗೂ ಸ್ಟೀಮ್‌ನಲ್ಲಿ ಅವಕಾಶವಿಲ್ಲ. ಆದರೆ ಆ ನಿಯಮ ನೋಡುವುದು ಜಾಹೀರಾತಿನಿಂದಲೇ ಹಣ ಗಳಿಸುವವರನ್ನು, ಗೇಮ್ ಕಂಪನಿ ತನ್ನದೇ ಅಂಗಡಿಯನ್ನು ತನ್ನದೇ ಮೆನುಗಳಲ್ಲಿ ಹರಡುವುದನ್ನು ಅದು ಮುಟ್ಟುವುದಿಲ್ಲ. ಅಲ್ಲಿ ಇನ್ನೊಂದು ಸಾಲು ಸೇರಿಸುವುದು ಕಷ್ಟವಲ್ಲ: ಅಂಗಡಿಯ ಪುಟದ ಹೊರಗೆ, ಆಟದ ಮೆನುಗಳಲ್ಲಿ ಮಾರಾಟದ ಸರಕನ್ನು ತೋರಿಸಲಾಗುತ್ತದೆಯೇ, ಇಲ್ಲವೇ? ಇಲ್ಲ ಎಂದು ಬರೆದು ಮಾರಿದ ಮೇಲೆ ಏಳು ತಿಂಗಳಿಗೋ ಐದು ವರ್ಷಕ್ಕೋ ಹೌದು ಎಂದಾದರೆ, 14 ದಿನ ಮತ್ತು 2 ಗಂಟೆಯ ಲೆಕ್ಕ ನೋಡದೆ ಕೇಳಿದವರಿಗೆ ಹಣ ಮರಳಿಸಬೇಕು.